ಕಾಲಿಗೆ ನೀರು

ನಾನು ನಿಂತಿದ್ದು ನಮ್ಮ ಕಣದ ಮೂಡಲ ಅಂಚಿನಲ್ಲಿ, ಹುಲ್ಲಿನ ಮೆದೆಗೆ ಬೆನ್ನು ಕೊಟ್ಟು. ಗೌರಿಹಬ್ಬ ಕಳೆದಿತ್ತು, ಪಿತೃಪಕ್ಷ ಇನ್ನೂ ಹಿಡಿದಿರಲಿಲ್ಲ. ಎಳೆಬಿಸಿಲು, ದನ ಕಾಯುವವರು ಊರಬಾಗಿಲಲ್ಲಿ ದನ ಕೂಡಿಸುವ ಹೊತ್ತು. ವರ್ಷ ಯಾವುದೆಂದರೆ, ದೊಡ್ಡ ಮಹಾರಾಜರು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ. ಕಟ್ಟೆಮಳಲವಾಡಿಯ ಗಾಡಿದಾರಿಗೆ ಸೇರಿದಂತಿರುವ ನಮ್ಮೂರಿನ ಕಣ ಸ್ವಲ್ಪ ಎತ್ತರದಲ್ಲಿದೆ. ನಾನು ನಿಂತಲ್ಲಿಂದ ಪಕ್ಕದ ಮನೆಯ ದೊಡ್ಡವ್ವನ ಜೋಳದ ಹೊಲ ಪೂರ್ತಿ ಕಾಣುತ್ತಿತ್ತು. ಕಟಾವಾದ ಹೊಲ. ಅದರ ಬದುವಿನ ಮೇಲೆ ಅವರ ಎರಡೂ ಎತ್ತುಗಳು ಸತ್ತು ಬಿದ್ದಿದ್ದವು.

ಇಷ್ಟನ್ನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಹೋದ ತಿಂಗಳು ದೊಡ್ಡವ್ವನ ತಿಥಿಗೆ ಬಂದಿದ್ದ ನೆಂಟರೊಬ್ಬರು ಎಲೆಯ ಮುಂದೆ ಕೂತು, "ಕಲ್ಲೆದೆ ಹೆಂಗ್ಸು ಕಣ್ರೀ. ಗಂಡ ಸತ್ತಾಗ್ಲೂ ಅಳ್ನಿಲ್ಲ, ಎತ್ತು ಸತ್ತಾಗ್ಲೂ ಅಳ್ನಿಲ್ಲ" ಎಂದರು. ಪಂಕ್ತಿಯಲ್ಲಿ ಕೆಲವರು ತಲೆಯಾಡಿಸಿದರು. ಉಣ್ಣುವ ಎಲೆಯ ಮುಂದೆ ಮಾತು ಬೆಳೆಸಬಾರದೆಂದು ನಾನು ಸುಮ್ಮನಿದ್ದೆ. ಇಲ್ಲಿ ಹೇಳುತ್ತೇನೆ, ಆ ಮಾತು ನಿಜವಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಗೋಡೆಯ ಆ ಮಗ್ಗುಲಿಗೆ ಅವರ ರಾಗಿಕಲ್ಲು, ಈ ಮಗ್ಗುಲಿಗೆ ನನ್ನ ಚಾಪೆ. ಅವರು ಅಳುತ್ತಿದ್ದರೋ ಇಲ್ಲವೋ ಎಂಬುದನ್ನು ನನ್ನಷ್ಟು ಬಲ್ಲವರು ಊರಲ್ಲಿ ಇಲ್ಲ.

ಅವರ ಹೆಸರನ್ನು ಬರೆಯುವುದಿಲ್ಲ. ಬದುಕಿದ್ದಾಗ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ಕೇಳಿಲ್ಲ. ನನಗೂ, ನನ್ನ ತಾಯಿಗೂ, ನನ್ನ ಮಕ್ಕಳಿಗೂ ಅವರು ದೊಡ್ಡವ್ವನೇ. ಎತ್ತರದ ಆಳು, ಮೊಣಕೈ ಚೂಪು, ನಡಿಗೆ ನಿಧಾನ. ಬೇರೆಯವರಿಗೆ ಸಿಟ್ಟು ಬಂದರೆ ದನಿ ಏರುತ್ತದೆ. ಅವರಿಗೆ ಸಿಟ್ಟು ಬಂದರೆ ದನಿ ಇಳಿಯುತ್ತಿತ್ತು. ಆಗ ಅವರ ಮಾತು ಕೇಳಬೇಕಾದರೆ ಹತ್ತಿರ ಹೋಗಬೇಕು. ಹತ್ತಿರ ಹೋಗುವಷ್ಟರಲ್ಲಿ ಜಗಳಕ್ಕೆ ಬಂದವರ ಅರ್ಧ ಜೋರು ಕಡಿಮೆಯಾಗಿರುತ್ತಿತ್ತು.

ಊರಿಗೆ ಪ್ಲೇಗು ಬಂದು ಎಲ್ಲರೂ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲದಲ್ಲಿ ಅವರ ಗಂಡ ತೀರಿಕೊಂಡರಂತೆ. ಮಗ ಸಿದ್ದೇಗೌಡ ಆಗ ಕಂಕುಳ ಕೂಸು. ನಾನೂ ಆಗ ಚಿಕ್ಕವನು, ಇದು ಕೇಳಿದ್ದು, ಕಂಡದ್ದಲ್ಲ. ಹೀಗೆ ಬೇರೆ ಮಾಡಿ ಹೇಳುವ ಅಭ್ಯಾಸ ಅವರಿಂದಲೇ ಬಂತು. ಯಾರು ಏನೇ ದೂರು ತಂದರೂ ದೊಡ್ಡವ್ವ ಕೇಳುತ್ತಿದ್ದುದು ಒಂದೇ ತರಹ: "ಕಂಡುದ್ದಾ, ಕೇಳುದ್ದಾ, ಅಂದ್ಕಂಡುದ್ದಾ?" ಇದಕ್ಕೆ ಉತ್ತರ ಬರುವ ತನಕ ಅವರು ಮುಂದಿನ ಮಾತಾಡುತ್ತಿರಲಿಲ್ಲ.

ಒಮ್ಮೆ ಮೇಗಲ ಬೀದಿಯ ಮುದುಕಿಯೊಬ್ಬಳು ಎದೆ ಬಡಿದುಕೊಂಡು ಬಂದಳು. ನಾನು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದೆ.

"ದೊಡ್ಡವ್ವಾ, ನನ್ ಸೊಸೆ ನನ್ನ ಸಾಯ್ಸಕ್ಕೆ ನಿಂತವ್ಳೆ!"

"ಏನ್ ಕಂಡೆ?"

"ಸಾರ್ಗೆ ಉಪ್ಪ ಸುರ್ದವ್ಳೆ. ಬಾಯ್ಗಿಕ್ಕಕ್ಕೆ ಆಗಾಕಿಲ್ಲ."

"ಅವ್ಳು ಉಂಡ್ಲಾ?"

"ಉಂಡ್ಲು. ಅದೇ ಸಾರು, ಎಲ್ಡು ಮುದ್ದೆ."

"ಅಂಗಾದ್ರೆ ಇಬ್ರೂ ಜತೇಲೇ ಸಾಯ್ತೀರಿ ಬುಡು. ಮನೇಲಿ ಜಗಳ ಇರಾಕಿಲ್ಲ."

ಮುದುಕಿಗೆ ನಗು ಬಂತು. ನಕ್ಕ ಮೇಲೆ ದೊಡ್ಡವ್ವ ಅವಳನ್ನು ಕೂರಿಸಿ, ಸೊಸೆ ಬಸುರಿಯೇನೋ ನೋಡು, ಬಾಯಿರುಚಿ ಕೆಟ್ಟಿರಬಹುದು ಎಂದರು. ಅದೂ ಅಂದುಕೊಂಡದ್ದೇ ಎಂದು ತಾವೇ ಸೇರಿಸಿದರು.

ಇನ್ನೊಂದು ರೂಢಿ ಅವರದು. ಕೆಟ್ಟ ಸುದ್ದಿ ಬಂದರೆ, ಬೈಗುಳ ಕಿವಿಗೆ ಬಿದ್ದರೆ, "ತಡಿ, ಕಾಲ್ಗೆ ನೀರುಯ್ಕಂಡು ಬತ್ತೀನಿ" ಎಂದು ಬಚ್ಚಲ ಕಡೆ ಹೋಗುತ್ತಿದ್ದರು. ಒಂದು ಚೊಂಬು ನೀರನ್ನು ಎಡಗಾಲಿಗೆ ಅರ್ಧ, ಬಲಗಾಲಿಗೆ ಅರ್ಧ ಹೊಯ್ದುಕೊಂಡು, ಹೆಜ್ಜೆ ಒದ್ದೆ ಮೂಡಿಸುತ್ತಾ ಬಂದು ಕೂತು, ಆಮೇಲೆ ಮಾತು. ಪಡ್ಡೆ ಹುಡುಗನೊಬ್ಬ, "ಕ್ವಾಪ ನಿಂಗೆ ಕಾಲಲ್ಲಿರ್ತದಾ ದೊಡ್ಡವ್ವ?" ಎಂದು ಕೆಣಕಿದ್ದ. "ಊ ಕಣ್ಲಾ. ಕ್ವಾಪ ಬಂದೋನ್ನ ಮೊದ್ಲು ಓಡ್ಸೋದು ಕಾಲು ತಾನೆ? ಅದ್ನೇ ಮೊದ್ಲು ತಣ್ಣಗೆ ಮಾಡ್ಬೇಕು" ಎಂದರು.

ಎತ್ತುಗಳ ವಿಷಯಕ್ಕೆ ಬರುತ್ತೇನೆ. ಒಂದರ ಹೆಸರು ಮಲ್ಲ, ಇನ್ನೊಂದು ಕೆಂದ. ಎರಡನ್ನೂ ಹಾಲು ಬಿಡದ ಕರುಗಳಾಗಿ ತಂದು, ಗಂಜಿ ಕುಡಿಸಿ ಸಾಕಿದ್ದರು. ನಮ್ಮ ಕಡೆ ಹೋರಿ ಪಳಗಿಸುವುದು ಗಂಡಸರ ಕೆಲಸ. ದೊಡ್ಡವ್ವ ತಾವೇ ನಿಂತು ನೊಗಕ್ಕೆ ಹೂಡಿದರು. ಮಗ ಸಿದ್ದ ನೇಗಿಲ ಮೇಣಿ ಹಿಡಿದ, ಅವರು ಮುಂದೆ ನಡೆದರು, ನಾನು ಹಗ್ಗ ಹಿಡಿದುಕೊಂಡಿದ್ದೆ. ಆಗ ಹುಣಸೂರಿನ ಕಡೆಯಿಂದ ಮೋಟಾರು ಬಸ್ಸು ಹಾರನ್ನು ಹೊಡೆದುಕೊಂಡು ಬಂತು. ಕೆಂದ ಬೆದರಿ ನೊಗ ಕೊಡವಿಕೊಂಡು ಓಡಿದ. ನಾನು ಹಗ್ಗವನ್ನು ಬಲವಾಗಿ ಎಳೆದೆ. ಅಂಗೈ ಸುಲಿದುಹೋಯಿತು, ಹೋರಿ ಇನ್ನಷ್ಟು ರೊಚ್ಚಿಗೆದ್ದಿತು.

"ಎಳೀಬ್ಯಾಡ ಕಣೋ! ಬುಡು ಹಗ್ಗವ. ಜತೇಲಿ ಓಡು!"

ನಾನು ಓಡುವ ಮೊದಲೇ ಅವರು ಸೆರಗು ಸಿಕ್ಕಿಸಿಕೊಂಡು ಓಡುತ್ತಿದ್ದರು. ಹೋರಿಯ ಪಕ್ಕಕ್ಕೆ, ಅದರ ಕಣ್ಣಿಗೆ ಕಾಣುವಂತೆ, ಏನೋ ಮಾತಾಡುತ್ತಾ. ಹೋರಿ ನಾಲೆಯ ಏರಿಯ ಹತ್ತಿರ ಹೋಗುವಷ್ಟರಲ್ಲಿ ಓಟ ಬಿಟ್ಟು ನಡಿಗೆಗೆ ಬಂತು. ಆಗ ಅವರು ಹಗ್ಗವನ್ನು ನೆಲದಿಂದ ಎತ್ತಿಕೊಂಡರು. ಏದುಸಿರು ಬಿಡುತ್ತಾ ನನಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಬೆದ್ರಿ ಓಡೋನ್ಗೆ ಅಡ್ಡ ನಿಂತ್ರೆ ತುಳೀತಾನೆ. ಜತೇಲಿ ಓಡುದ್ರೆ, ಸುಸ್ತಾದ್ಮೇಲೆ ನಾವೇಳ್ದ ದಾರಿ ಇಡೀತಾನೆ."

ನಾನು ಇದನ್ನು ಎತ್ತು ಪಳಗಿಸುವ ಮಾತೆಂದೇ ತಿಳಿದಿದ್ದೆ.

ಇನ್ನು ಆ ಬೆಳಗ್ಗೆ.

ಅದಕ್ಕೆ ಮುಂಚೆ ಒಂದು ತಿಂಗಳಿಂದ ದೊಡ್ಡವ್ವನ ಮನೆಗೂ ಅವರ ಮೈದುನ ಬೋರೇಗೌಡರ ಮನೆಗೂ ಮಾತಿರಲಿಲ್ಲ. ಗದ್ದೆಗೆ ನಾಲೆಯ ನೀರು ಬಿಡುವ ಸರದಿಯಲ್ಲಿ ಸಿದ್ದನಿಗೂ ಚಿಕ್ಕಪ್ಪನಿಗೂ ತಕರಾರಾಗಿತ್ತು. ಆ ಗಲಾಟೆಯಲ್ಲಿ ದೊಡ್ಡವ್ವನ ಎತ್ತುಗಳು ಬೋರೇಗೌಡರ ಪೈರಿಗೆ ಬಾಯಿ ಹಾಕಿದವು. ಬೋರೇಗೌಡರು ಏರಿಯ ಮೇಲೆ ನಿಂತು, ಊರಿಗೆಲ್ಲ ಕೇಳುವಂತೆ, "ಇನ್ನೊಂದ್ ದಪ ನಿಮ್ಮೆತ್ತು ನನ್ ಗದ್ದೇಗೆ ಬಂದ್ರೆ ತಿರುಗಿ ಮನೆ ಸೇರಾಕಿಲ್ಲ, ನೋಡ್ಕ!" ಎಂದಿದ್ದರು. ಇದನ್ನು ನಾನೇ ಕೇಳಿದ್ದೇನೆ.

ಆ ದಿನ ಬೆಳಕು ಹರಿಯುವಾಗ ಸಿದ್ದ ಎತ್ತುಗಳನ್ನು ಹೊಡೆದುಕೊಂಡು ಹೋಗಿ ಜೋಳದ ಹೊಲದ ಬದುವಿನಲ್ಲಿ ಮೇಯಲು ಕಟ್ಟಿ, ಗದ್ದೆಗೆ ನೀರು ನೋಡಲು ಹೋಗಿದ್ದ. ಮರಳಿ ಬರುವಷ್ಟರಲ್ಲಿ ಮಲ್ಲ ಬಿದ್ದಿದ್ದ. ಕೆಂದ ನಡುಗುತ್ತಾ ನಿಂತಿದ್ದವನು ಸಿದ್ದನ ಕಣ್ಣೆದುರೇ ಮಂಡಿಯೂರಿ ಉರುಳಿದ. ಅವನ ಕೂಗು ಕೇಳಿ ನಾನು ಕಣಕ್ಕೆ ಓಡಿ ಬಂದೆ. ಜನ ಸೇರಿದರು. ಎತ್ತಿನ ಬಾಯಲ್ಲಿ ನೊರೆ ಇತ್ತು. ಯಾರೋ "ವಿಷ" ಎಂದರು. ಇನ್ಯಾರೋ, ಬೋರೇಗೌಡ ಮಸುಕಿನಲ್ಲೇ ಈ ಕಡೆ ಬಂದಿದ್ದನಂತೆ ಎಂದರು. ಯಾರು ಕಂಡವರು ಎಂದು ಒಬ್ಬರೂ ಕೇಳಲಿಲ್ಲ. ಏರಿಯ ಮೇಲಿನ ಆ ಮಾತು ಎಲ್ಲರಿಗೂ ನೆನಪಿತ್ತು. ಎತ್ತು ಸತ್ತದ್ದು ಕಣ್ಣ ಮುಂದಿತ್ತು. ನಡುವಿನದನ್ನು ಸಿಟ್ಟು ತುಂಬಿಸಿತು.

ಸಿದ್ದ ನಮ್ಮ ಕಣದ ಬೇಲಿಗೆ ಸಿಕ್ಕಿಸಿದ್ದ ಮುಳ್ಳು ಕಡಿಯುವ ಮಚ್ಚನ್ನು ಕಿತ್ತುಕೊಂಡ. ಗಟ್ಟಿಮುಟ್ಟಾದ ಆಳುಗಳು ಅವನನ್ನು ತಬ್ಬಿ ಹಿಡಿದರು. ಅವನು ಅವರನ್ನೆಲ್ಲ ಎಳೆದುಕೊಂಡೇ ಮುಂದೆ ಹೋಗುತ್ತಿದ್ದ. ಅವನ ಮುಖ ನನಗೆ ಗುರುತು ಸಿಗಲಿಲ್ಲ. ಎತ್ತಿಕೊಂಡು ಆಡಿಸಿದ ಹುಡುಗ, ಅವನ ಮುಖ ನನಗೆ ಗುರುತು ಸಿಗಲಿಲ್ಲ. ಬೋರೇಗೌಡರು ಆ ಹೊತ್ತಿನಲ್ಲಿ ತಮ್ಮ ಜಗಲಿಯ ಮೇಲೆ ಇರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಒಬ್ಬ ಮನುಷ್ಯ ಸಾಯುತ್ತಾನೆ, ಇನ್ನೊಬ್ಬ ನೇಣಿಗೆ ಹೋಗುತ್ತಾನೆ, ಇಬ್ಬರೂ ಒಂದೇ ಮನೆತನದವರು ಎಂದು ನಾನು ಲೆಕ್ಕ ಹಾಕಿದ್ದು ನೆನಪಿದೆ. ಲೆಕ್ಕ ಹಾಕಿದೆನೇ ಹೊರತು ಕಾಲು ಏಳಲಿಲ್ಲ.

ಆಗ ದೊಡ್ಡವ್ವ ಬಂದರು. ಎಂದಿನ ನಿಧಾನದ ನಡಿಗೆಯಲ್ಲೇ ಬಂದರು. ಮಗನ ಕಡೆ ನೋಡಲಿಲ್ಲ. ಎತ್ತುಗಳ ಬಳಿಗೆ ಇಳಿದು, ಮಲ್ಲನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಅವನ ತುಟಿ ಬಿಡಿಸಿ ಬಾಯೊಳಗೆ ನೋಡಿದರು. ಎದ್ದು ಹೊಲದ ಕಡೆ ಒಮ್ಮೆ ಕಣ್ಣಾಡಿಸಿದರು. ಕಣಕ್ಕೆ ಹತ್ತಿ ಬಂದು ನಮ್ಮ ಕುಡಿಯುವ ನೀರಿನ ಗಡಿಗೆಯಿಂದ ಒಂದು ಚೊಂಬು ಬಗ್ಗಿಸಿಕೊಂಡು ಕಾಲಿಗೆ ಹೊಯ್ದುಕೊಂಡರು.

ನಾನು ಹತ್ತಿರದಲ್ಲೇ ಇದ್ದೆ. ಅರ್ಧ ನೀರು ಕಾಲಿನ ಮೇಲೆ ಬೀಳಲೇ ಇಲ್ಲ. ಕೈ ಅಷ್ಟು ನಡುಗುತ್ತಿತ್ತು. ಕಲ್ಲೆದೆ ಎನ್ನುವವರು ಆ ಕೈಯನ್ನು ನೋಡಬೇಕಿತ್ತು.

"ಬುಡ್ರೋ ಅವನ್ನ" ಎಂದರು.

"ದೊಡ್ಡವ್ವ, ಬುಟ್ರೆ ಕೊಲೆಯಾಯ್ತದೆ!" ಎಂದು ಹಿಡಿದವರಲ್ಲೊಬ್ಬ ಕೂಗಿದ.

"ಬುಡಿ ಅಂದೆ. ನಾನು ಅವನ್ ಜತೇಲಿ ಓಯ್ತೀನಿ."

ದನಿ ಬಹಳ ಇಳಿದಿತ್ತು. ಕೈಗಳು ಸಡಿಲಾದವು. ಸಿದ್ದ ಬಿಟ್ಟ ಬಾಣದಂತೆ ಊರ ಕಡೆ ನುಗ್ಗಿದ. ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಅವನ ಎಡಗಡೆಗೆ, ಅವನ ಕಣ್ಣಿಗೆ ಕಾಣುವಂತೆ, ಓಡತೊಡಗಿದರು. ಮಚ್ಚು ಬಲಗೈಯಲ್ಲಿತ್ತು. ಆಗ ನನ್ನ ಕಾಲು ಎದ್ದಿತು. ಮಾತು ಕೇಳಿಸುವಷ್ಟು ದೂರದಲ್ಲಿ ನಾನೂ ಹಿಂದೆ ಓಡಿದೆ. ಮುಂದಿನ ಮಾತುಗಳೆಲ್ಲ ನಾನು ಕಿವಿಯಾರೆ ಕೇಳಿದ್ದು.

"ಮನೇಗೋಗವ್ವ ನೀನು!"

"ಓಯ್ತೀನಿ. ಸತ್ತುದ್ದು ನನ್ನೆತ್ತು ಕಣಪ್ಪ. ನಾನಿಲ್ದೆ ಅದೇನ್ ನ್ಯಾಯ?"

"ಇವತ್ತು ಅವನ್ನ ಉಳ್ಸಾಕಿಲ್ಲ."

"ಆಯ್ತು. ಅವ್ನು ವಿಷ ಆಕುದ್ದ ಕಂಡಾ?"

"ಕಾಣೋದೇನು? ಊರೇ ಏಳ್ತಾದೆ!"

"ಅದು ಕೇಳುದ್ದು. ಕಂಡುದ್ದೇನು?"

"ಅವತ್ತು ಏರಿ ಮ್ಯಾಲೆ ಅವ್ನು ಅಂದ್ನಲ್ಲ!"

"ಅಂದ. ನನ್ ಕಿವೀಗೂ ಬಿತ್ತು. ಅಂದುದ್ದ ಮಾಡ್ದ ಅನ್ನೋದು?"

ಉತ್ತರ ಹುಡುಕುವವನ ಕಾಲು ಓಡುವುದಿಲ್ಲ. ಸಿದ್ದನ ಓಟ ಬಿರುಸುನಡಿಗೆಯಾಗಿತ್ತು. ಅರಳಿಕಟ್ಟೆ ದಾಟಿದೆವು. ದೊಡ್ಡವ್ವನಿಗೂ ಏದುಸಿರು.

"ಬೆಳಿಗ್ಗೆ ಎತ್ತ ಎಲ್ಲಿ ಕಟ್ಟಿದ್ದೆ ಮಗ?"

"ಬದೀನ ಮ್ಯಾಲೆ. ಬೇಲದ ಮರಕ್ಕೆ."

"ಹಗ್ಗ ಎಷ್ಟುದ್ದ ಬುಟ್ಟಿದ್ದೆ?"

"ವಸಿ ಮೇಯ್ಕಳ್ಳಿ ಅಂತ ಪೂರಾ..."

ಅವನು ನಿಂತುಬಿಟ್ಟ. ಬೀದಿಯ ನಡುವೆ, ಬೋರೇಗೌಡರ ಮನೆ ಎದುರಿಗೆ ಕಾಣುವಲ್ಲಿ.

ಇದನ್ನು ಬಿಡಿಸಿ ಹೇಳಬೇಕು. ಜೋಳ ಕೊಯ್ದ ಮೇಲೆ ನೆಲದಲ್ಲಿ ಉಳಿದ ಕೂಳೆ ಮತ್ತೆ ಚಿಗುರುತ್ತದೆ. ಮಳೆ ಕೈಕೊಟ್ಟು ಆ ಚಿಗುರು ಬಿಸಿಲಿಗೆ ಬಾಡಿದರೆ ಅದು ದನಕ್ಕೆ ವಿಷ. ತಿಂದ ಸ್ವಲ್ಪ ಹೊತ್ತಿಗೆ ಪ್ರಾಣ ಹೋಗುತ್ತದೆ. ನಮ್ಮೂರಲ್ಲಿ ಇದು ಗೊತ್ತಿಲ್ಲದವರಿಲ್ಲ. ಕಣದಲ್ಲಿ ಸೇರಿದ್ದ ಅಷ್ಟೂ ಜನಕ್ಕೆ ಗೊತ್ತು, ನನಗೆ ಗೊತ್ತು, ಸಿದ್ದನಿಗೆ ಗೊತ್ತು. ಗೊತ್ತಿದ್ದೂ ಆ ಗಳಿಗೆಯಲ್ಲಿ ಒಬ್ಬರ ತಲೆಗೂ ಬರಲಿಲ್ಲ. ಆಮೇಲೆ ಹೋಗಿ ನಾನೇ ನೋಡಿದೆ. ಬೇಲದ ಮರದ ಸುತ್ತ, ಹಗ್ಗ ಎಟುಕುವಷ್ಟು ದೂರ, ಕೂಳೆಯ ಚಿಗುರನ್ನು ಎತ್ತುಗಳು ದುಂಡಗೆ ಮೇದಿದ್ದವು, ಹಸುರಿನಲ್ಲಿ ವೃತ್ತ ಕೊರೆದ ಹಾಗೆ. ದೊಡ್ಡವ್ವ ಬದುವಿನಿಂದ ಕಣ್ಣಾಡಿಸಿದಾಗ ಕಂಡದ್ದು ಅದು. ಮಲ್ಲನ ಹಲ್ಲಿನ ಸಂದಿಯಲ್ಲಿ ಕಂಡದ್ದೂ ಅದೇ ಚಿಗುರು.

ಕಣದಲ್ಲೇ ಏಕೆ ಹೇಳಲಿಲ್ಲ ಎಂದು ಎಷ್ಟೋ ದಿನವಾದ ಮೇಲೆ ಕೇಳಿದೆ. "ಅವತ್ತು ಏಳಿದ್ರೆ ಕಿವೀಗೋಗ್ತಿತ್ತಾ? ಅವ್ನೇ ಕಾಣ್ಬೇಕಿತ್ತು. ಜನದ್ ಮುಂದೆ ಅಲ್ಲ" ಎಂದರು.

ಬೀದಿಯಲ್ಲಿ ಸಿದ್ದನ ಮುಖ ಬಣ್ಣ ಕಳೆದುಕೊಂಡಿತ್ತು. ಮಚ್ಚು ಹಿಡಿದ ಕೈ ಇಳಿಯಲಿಲ್ಲ. ಅದು ತಿರುಗುವ ದಿಕ್ಕು ಬೇರೆಯಾಯಿತು. ಇದು ನನ್ನ ಊಹೆಯಲ್ಲ, ಕಣ್ಣಾರೆ ಕಂಡೆ: ಅಲಗು ಅವನ ಎದೆಯ ಕಡೆಗೆ ವಾಲಿತು.

"ನಾನೇ ಕೊಂದ್ನಲ್ಲವ್ವ."

ದೊಡ್ಡವ್ವ ಅವನ ಮಣಿಕಟ್ಟು ಹಿಡಿದರು. ಎಳೆಯಲಿಲ್ಲ, ಸುಮ್ಮನೆ ಹಿಡಿದುಕೊಂಡರು.

"ಅದೂ ಅಂದ್ಕಂಡುದ್ದೇ ಕಣ್ ಮಗ. ಹಗ್ಗ ಉದ್ದ ಬುಟ್ಟೆ, ಅದು ಕಂಡುದ್ದು. ಕೊಂದೆ ಅನ್ನೋದು ಅಂದ್ಕಂಡುದ್ದು. ಮೇಯ್ಲಿ ಅಂತ ಬುಟ್ಟೋನು ಕೊಂದೋನು ಎಂಗಾಯ್ತಾನೆ?"

ಹತ್ತಿರದವರ ಸಾವಿನಲ್ಲಿ ನನ್ನನ್ನೇ ಬೈದುಕೊಳ್ಳುವ ದಿನಗಳು ನನಗೂ ಬಂದಿವೆ. ಆಗೆಲ್ಲ ಈ ಮಾತು ನನ್ನನ್ನು ಎತ್ತಿ ಕೂರಿಸಿದೆ. ಬೇರೆಯವರ ಮೇಲಿನ ಸಿಟ್ಟಿಗೆ ಕೇಳುವ ಪ್ರಶ್ನೆಯನ್ನೇ ನಮ್ಮ ಮೇಲಿನ ಸಿಟ್ಟಿಗೂ ಕೇಳಬೇಕು. ಎರಡಕ್ಕೂ ಒಂದೇ ತಕ್ಕಡಿ.

ಅಷ್ಟರಲ್ಲಿ ಬೋರೇಗೌಡರು ಜಗಲಿಯಿಂದ ಎದ್ದು ನಿಂತಿದ್ದರು. ಮಚ್ಚು ನೋಡಿದರು. ಅಲುಗಲಿಲ್ಲ. "ಏನತ್ಗೆ, ಬೆಳ್ಬೆಳಿಗ್ಗೆ?" ಎಂದರು. ಒಂದು ತಿಂಗಳಲ್ಲಿ ಆ ಎರಡು ಮನೆಗಳ ನಡುವೆ ಅದೇ ಮೊದಲ ಮಾತು.

ದೊಡ್ಡವ್ವ ಮಗನ ಕೈ ಬಿಡದೆ ಜಗಲಿಯ ತನಕ ನಡೆದರು. ಒಳಗೆ ನೋಡಿ, "ಕೆಂಪಮ್ಮಿ, ಕಾಲ್ಗೆ ನೀರ್ ಕೊಡವ್ವ" ಎಂದು ಬೋರೇಗೌಡರ ಸೊಸೆಯನ್ನು ಕೂಗಿದರು.

ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬರ ಬಾಗಿಲಲ್ಲಿ ಕಾಲಿಗೆ ನೀರು ಈಸಿಕೊಂಡವನು ಆ ಮನೆಗೆ ನೆಂಟ. ಕೊಟ್ಟವರೂ ಈಸಿಕೊಂಡವರೂ ಅವತ್ತಿನ ಮಟ್ಟಿಗೆ ಜಗಳ ಎತ್ತುವಂತಿಲ್ಲ. ಕೆಂಪಮ್ಮ ತುಂಬಿದ ಚೊಂಬು ತಂದು ಸಿದ್ದನ ಮುಂದೆ ಹಿಡಿದಳು. ದೊಡ್ಡ ಚೊಂಬು, ಎರಡೂ ಕೈ ಬೇಕು. ಸಿದ್ದ ಮಚ್ಚನ್ನು ನೋಡಿದ, ಚೊಂಬನ್ನು ನೋಡಿದ. ಆಮೇಲೆ ಮಚ್ಚನ್ನು ಅವ್ವನ ಕೈಗೆ ಕೊಟ್ಟು ಚೊಂಬು ಈಸಿಕೊಂಡ.

ನೀರು ಕಾಲಿಗೆ ಬೀಳುವ ಸದ್ದು ನಿಂತ ಮೇಲೆ ದೊಡ್ಡವ್ವ ಹೇಳಿದರು: "ಬೋರ, ನಮ್ಮೆಲ್ಡೆತ್ತೂ ಓದೊ ಕಣಪ್ಪ. ಜೋಳದ ಕೂಳೆ ಮೇದ್ಬುಟ್ವು. ಹುರುಳಿ ಬಿತ್ತೋ ತಂಕ ನಿನ್ನೆತ್ತು ಕೊಡು ಅಂತ ಕೇಳಕ್ಕೆ ಬಂದೊ. ಸಿದ್ದ ಗುಂಡಿ ಮ್ಯಾಲಕ್ಕೆ ಮುಳ್ಳು ಕಡಿಯಕ್ಕೆ ಒಂಟವ್ನೆ."

ದನ ಹೂತ ಗುಂಡಿಯನ್ನು ನರಿ ನಾಯಿ ಕೆದಕದಂತೆ ಮೇಲೆ ಮುಳ್ಳು ಹಾಕುವುದು ವಾಡಿಕೆ. ಮಚ್ಚಿಗೆ ಅದು ಸರಿಯಾದ ಕೆಲಸ.

ಬೋರೇಗೌಡರು, "ಅಯ್ಯೋ, ಮಲ್ಲನೂವೆ?" ಎಂದರು. ಒಳಗೆ ಹೋಗಿ ತಮ್ಮ ಮಚ್ಚು ತಂದರು. "ನಡೀಲಾ ಸಿದ್ದ. ಒಬ್ನೇ ಏಸ್ ಮುಳ್ಳು ಕಡೀತೀಯ?"

"ಬಾ ಚಿಕ್ಕಪ್ಪ" ಎಂದ ಸಿದ್ದ, ಅವ್ವನ ಕೈಯಿಂದ ಮಚ್ಚು ಈಸಿಕೊಂಡು.

ಇಬ್ಬರೂ ಒಂದೊಂದು ಮಚ್ಚು ಹಿಡಿದು ಅಕ್ಕಪಕ್ಕ ನಡೆದು ಬರುವುದನ್ನು ನೋಡಿ ಅರಳಿಕಟ್ಟೆಯ ಹತ್ತಿರ ಸೇರಿದ್ದ ಜನ ಚೆದರಿ ಬದಿಗೆ ಸರಿದರು. ಅವರು ಸೀದಾ ಬೇಲಿಯ ಕಡೆ ಹೋಗಿ ಮುಳ್ಳು ಕಡಿಯತೊಡಗಿದರು.

ಮಧ್ಯಾಹ್ನದ ಹೊತ್ತಿಗೆ ಮಣ್ಣು ಮಾಡಿದ್ದಾಯಿತು. ಗುಂಡಿಗೆ ಇಳಿಸುವ ಮೊದಲು ದೊಡ್ಡವ್ವ ಎರಡೂ ಎತ್ತಿನ ಕೊರಳ ಗಂಟೆ ಬಿಚ್ಚಿ ಮಡಿಲಿಗೆ ಹಾಕಿಕೊಂಡರು. ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಅವತ್ತು ಯಾರ ಎದುರಿಗೂ ಅವರ ಕಣ್ಣಲ್ಲಿ ನೀರು ಕಾಣಲಿಲ್ಲ. ನೆಂಟರು ತಿಥಿಯಲ್ಲಿ ಹೇಳಿದ್ದು ಇದನ್ನೇ.

ಮಾರನೆಯ ದಿನ ಕೋಳಿ ಕೂಗುವಾಗ ಗೋಡೆಯಾಚೆ ರಾಗಿಕಲ್ಲು ತಿರುಗತೊಡಗಿತು. ಕಲ್ಲಿನ ಸದ್ದಿನೊಳಗೆ ಇನ್ನೊಂದು ಸದ್ದಿತ್ತು. ಮೊದಲು ಸಣ್ಣಗೆ, ಆಮೇಲೆ ಬಾಯಿಬಿಟ್ಟು. ಮಲ್ಲನನ್ನು ಕರೆದರು, ಕೆಂದನನ್ನು ಕರೆದರು, ನಡುನಡುವೆ ಸತ್ತ ಗಂಡನಿಗೆ ಏನೋ ಹೇಳಿದರು. ರಾಗಿ ಮುಗಿಯುವ ತನಕ ಅತ್ತರು. ಎಷ್ಟೋ ಬೆಳಗುಗಳು ಅದು ನಡೆಯಿತು. ಕಲ್ಲಿನ ಮುಂದಿನಿಂದ ಎದ್ದ ಮೇಲೆ ಅವರ ಮುಖ ಮತ್ತೆ ಎಂದಿನಂತೆಯೇ. ನಾನು ಒಮ್ಮೆ, ಕೇಳಬಾರದಿತ್ತೇನೋ, ಕೇಳಿದೆ. ಅವರಿಗೆ ಬೇಸರವಾಗಲಿಲ್ಲ.

"ಅಳು ಬಂದ್ರೆ ಅತ್ತುಬುಡ್ಬೇಕು ಕಣಪ್ಪ. ಅಳ್ತಾ ಅಳ್ತಾ ತೀರ್ಮಾನ ಮಾಡ್ಬಾರ್ದು, ಅಷ್ಟೇಯ."

ಇನ್ನು ಅವರ ಬಗ್ಗೆ ಹೇಳುವುದು ಬೇಕಾದಷ್ಟಿದೆ, ಆದರೆ ಈ ಒಂದನ್ನು ಬರೆದರೆ ನನ್ನ ಕೆಲಸ ಆಯಿತು. ಅವರು ಕಲ್ಲಲ್ಲ. ಕೈ ನಡುಗುತ್ತಿರುವಾಗಲೇ ಸರಿಯಾದ ಪ್ರಶ್ನೆ ಕೇಳಬಹುದು ಎಂಬುದನ್ನು ನಾನು ಒಬ್ಬರಲ್ಲಿ ಕಣ್ಣಾರೆ ಕಂಡೆ. ಒಬ್ಬರಿಗೆ ಸಾಧ್ಯವಾದದ್ದು ಇನ್ನೊಬ್ಬರಿಗೂ ಸಾಧ್ಯ.

ಅವತ್ತು ಸಿದ್ದನನ್ನು ತಬ್ಬಿ ಹಿಡಿದಿದ್ದವರೆಲ್ಲ ತೀರಿಹೋಗಿದ್ದಾರೆ. ಆ ಬೆಳಗ್ಗೆ ಕಂಡವರಲ್ಲಿ ನನ್ನನ್ನು ಬಿಟ್ಟು ಮೂವರು ಬದುಕಿದ್ದಾರೆ. ಸಿದ್ದೇಗೌಡ ಇದ್ದಾನೆ, ಮೊಮ್ಮಕ್ಕಳು ಜಗಳವಾಡಿ ಬಂದರೆ, ಕಂಡುದ್ದಾ ಕೇಳುದ್ದಾ ಎಂದು ಶುರುಮಾಡುತ್ತಾನೆ. ಕೆಂಪಮ್ಮ ಹನಗೋಡಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಬೋರೇಗೌಡರು ಇದ್ದಾರೆ, ಕಣ್ಣು ಮಂಜಾಗಿದೆ, ಅದೇ ಜಗಲಿ. ತಿಥಿ ಮುಗಿಸಿಕೊಂಡು ಬರುವಾಗ ಅವರ ಪಕ್ಕ ಕೂತು, ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿದೆ: ಅವತ್ತು ಸಿದ್ದ ಯಾಕೆ ಬಂದಿದ್ದನೆಂದು ನಿಮಗೆ ಗೊತ್ತಾಗಿತ್ತೇ?

ಮುದುಕರು ಬೀದಿಯ ಕಡೆ ಮುಖ ತಿರುಗಿಸಿದರು.

"ಮಚ್ಚ ಕಂಡೆ" ಎಂದರು. "ಎತ್ತು ಬೇಕು ಅಂತ ಅತ್ಗೆ ಅಂದುದ್ದ ಕೇಳ್ದೆ. ಅಂದ್ಕಳಕ್ಕೆ ಓಗ್ನಿಲ್ಲ ಕಣಪ್ಪ."